ಅನಿಮಿಷರ ಕಾಳಗ

ಇಂದಿನ ಗಡಿಯಾರ ನಿಮಿಷವೊಂದಕ್ಕೆ ಅರವತ್ತು ಸೆಕೆಂಡುಗಳನ್ನು ಅಳೆದುಕೊಡುತ್ತದೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಆ ಪದದ ಮೂಲ ಅಳತೆಯಾದರೋ ಬಹಳ ಚಿಕ್ಕದು: ಕಣ್ಣಿನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವಷ್ಟು ಹೊತ್ತು. ರೆಪ್ಪೆ ಬಡಿಯದಿರುವುದರಿಂದಲೇ ದೇವತೆಗಳಿಗೆ ಅನಿಮಿಷರೆಂದು ಹೆಸರು. ನಳನ ರೂಪವನ್ನೇ ತಾಳಿ ಸ್ವಯಂವರಕ್ಕೆ ಬಂದು ಕುಳಿತ ದೇವತೆಗಳ ನಡುವೆ ನಿಜವಾದ ನಳನನ್ನು ದಮಯಂತಿ ಗುರುತಿಸಿದ ಲಕ್ಷಣಗಳಲ್ಲಿ, ಅವನೊಬ್ಬನೇ ರೆಪ್ಪೆ ಬಡಿಯುತ್ತಿದ್ದನೆಂಬುದೂ ಒಂದು.

ಟೆಲಿವಿಷನ್ನಿನ ಮುಂದೆ ಕುಳಿತು ಕಾಳಗದ ಆಟವಾಡುತ್ತಿರುವ ಹುಡುಗನನ್ನು ತಾಯಿ ಊಟಕ್ಕೆ ಕರೆದರೆ, ಅವನು ತಲೆ ತಿರುಗಿಸದೆಯೇ "ಒಂದೇ ನಿಮಿಷ, ಅಮ್ಮಾ" ಎನ್ನುತ್ತಾನೆ. ಬಡಿಸಿದ ಸಾರು ಆರಿ ತಣ್ಣಗಾಗುತ್ತದೆ. ತಾಯಿಯ ಲೆಕ್ಕದಲ್ಲಿ ಅದು ಅರ್ಧ ಗಂಟೆ. ಆದರೆ ಹುಡುಗನ ಮನಸ್ಸಿನಲ್ಲಿದ್ದುದು ಆ ಹಳೆಯ ನಿಮಿಷ. ಅಂಥ ನಿಮಿಷಗಳು ಅವನ ಕಣ್ಣ ಮುಂದೆ ಲೆಕ್ಕವಿಲ್ಲದಷ್ಟು ಬಂದು ಹೋಗುತ್ತಿರುತ್ತವೆ, ಮತ್ತು ಅವುಗಳಲ್ಲಿ ಯಾವುದೋ ಒಂದರಲ್ಲಿ ಅವನ ಸೋಲುಗೆಲುವು ನಿರ್ಧಾರವಾಗುತ್ತಿರುತ್ತದೆ. ಊಟದ ವೇಳೆಗೆ ಇದು ಸಮಾಧಾನವಲ್ಲ, ನಿಜ. ಆದರೂ ಅವನು ಅಲ್ಲಿ ಏನು ಮಾಡುತ್ತಿದ್ದಾನೆಂಬುದನ್ನು ತಿಳಿದುಕೊಂಡರೆ ನಷ್ಟವೇನೂ ಇಲ್ಲ.

ಈ ಆಟಗಳ ಹೊರನೋಟ ಬಲು ಸರಳ. ತೆರೆಯ ಮೇಲೆ ಎದುರುಬದುರಾಗಿ ಇಬ್ಬರು ಕಾಳಗಗಾರರು. ಮೇಲ್ಭಾಗದಲ್ಲಿ ಇಬ್ಬರ ಪ್ರಾಣಶಕ್ತಿಯನ್ನೂ ತೋರಿಸುವ ಎರಡು ಪಟ್ಟಿಗಳು. ನಡುವೆ ಇಳಿಯುತ್ತ ಬರುವ ಕಾಲದ ಅಂಕಿ. ಪೆಟ್ಟು ಬಿದ್ದಂತೆಲ್ಲ ಪಟ್ಟಿ ಕುಗ್ಗುತ್ತದೆ. ಪೂರ್ತಿ ಬರಿದಾದವನು ಸೋತ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ ಹೊರತಂದ 'ಸ್ಟ್ರೀಟ್ ಫೈಟರ್ 2' ಈ ಬಗೆಯ ಆಟವನ್ನು ಲೋಕಪ್ರಸಿದ್ಧವಾಗಿಸಿತು. ದೂರದಿಂದ ನೋಡುವವರಿಗೆ ಕಾಣುವುದೆಲ್ಲ ಗುಂಡಿಗಳನ್ನು ಕುಟ್ಟುವ ಗದ್ದಲ. ಆದರೆ ಸುಮ್ಮನೆ ಕುಟ್ಟುವವನು ಬಲ್ಲವನ ಮುಂದೆ ಸೋತೇ ಸೋಲುತ್ತಾನೆ. ಏಕೆ ಸೋಲುತ್ತಾನೆಂಬುದರಲ್ಲಿಯೇ ಆಟದ ಮರ್ಮವಿದೆ.

ಚಲನಚಿತ್ರದಂತೆ ಈ ಆಟವೂ ಬಿಡಿಬಿಡಿ ಚಿತ್ರಗಳ ಓಟವೇ. ಸೆಕೆಂಡಿಗೆ 60 ಚಿತ್ರಗಳು. ಆಟಗಾರರು ಒಂದೊಂದನ್ನೂ ಫ್ರೇಮ್ ಎಂದು ಕರೆಯುತ್ತಾರೆ. ಅವರ ಪಾಲಿಗೆ ಕಾಲದ ಪರಮಾಣು ಅದೇ. ಹೊಡೆಯುವ ಪ್ರತಿಯೊಂದು ಪೆಟ್ಟಿಗೂ ಮೂರು ಅವಸ್ಥೆಗಳುಂಟು. ಕೈಯೋ ಕಾಲೋ ಎದ್ದು ಹೊರಡುವುದು ಮೊದಲನೆಯದು. ಎದುರಾಳಿಗೆ ತಾಗಬಲ್ಲ ಸ್ಥಿತಿ ಎರಡನೆಯದು. ಚಾಚಿದ ಅಂಗವನ್ನು ಹಿಂದಕ್ಕೆ ಸೆಳೆದುಕೊಂಡು ಮತ್ತೆ ನೆಟ್ಟಗೆ ನಿಲ್ಲುವುದು ಮೂರನೆಯದು. ಮೊದಲಿನದಕ್ಕೆ ಇಷ್ಟು ಫ್ರೇಮ್, ಕಡೆಯದಕ್ಕೆ ಇಷ್ಟು ಎಂದು ಪ್ರತಿಯೊಂದು ಪೆಟ್ಟಿಗೂ ನಿಗದಿಯಾದ ಅಳತೆಯುಂಟು. ಆ ಮೂರನೆಯ ಅವಸ್ಥೆಯಲ್ಲಿ ಹೊಡೆದವನು ಪೂರಾ ಅನಾಥ. ಅವನು ತಡೆಯಲಾರ, ಸರಿಯಲಾರ, ಓಡಲಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಈ ಆಟದಲ್ಲಿ ಮೂರನೆಯ ಪಾದವೊಂದನ್ನು ಸೇರಿಸಬಹುದು: ಗುಂಡಿ ಒತ್ತಿದರೂ ಹೋಯಿತು.

ಸ್ಟ್ರೀಟ್ ಫೈಟರ್ ಆಟದ ರ್ಯೂ ಮತ್ತು ಕೆನ್ ಎಂಬ ಪಾತ್ರಗಳಿಗೆ ಶೋರ್ಯುಕೆನ್ ಎಂಬ ಪ್ರಸಿದ್ಧವಾದ ಪಟ್ಟೊಂದಿದೆ. ಮುಷ್ಟಿಯನ್ನು ಮೇಲೆತ್ತಿ, ದೇಹವನ್ನು ತಿರುಗಿಸುತ್ತ, ಆಕಾಶಕ್ಕೆ ನೆಗೆಯುವ ಪೆಟ್ಟು ಅದು. ತಾಗಿದರೆ ಎದುರಾಳಿ ನೆಲಕ್ಕುರುಳುತ್ತಾನೆ. ಎದುರಾಳಿ ಅದನ್ನು ತಡೆದುಬಿಟ್ಟನೋ, ಆಗ ನೋಡಬೇಕು ಪಾಡು! ಮೇಲೇರಿದವನು ಮರದಿಂದ ಕಳಚಿದ ಕಾಯಿಯಂತೆ ಕೆಳಗಿಳಿಯಲೇಬೇಕು. ದಾರಿ ಬದಲಿಸುವಂತಿಲ್ಲ, ನಡುವೆ ನಿಲ್ಲುವಂತಿಲ್ಲ. ಕೆಳಗೆ ನಿಂತವನು ತನಗೆ ಬೇಕಾದ ಪೆಟ್ಟನ್ನು ಆರಿಸಿಕೊಂಡು, ತೋಳು ಮಡಿಸಿಕೊಂಡು ಕಾದಿರುತ್ತಾನೆ. ಇದಕ್ಕೆ ಆಟಗಾರರು ಪನಿಶ್ ಮಾಡುವುದು ಎನ್ನುತ್ತಾರೆ. ಕನ್ನಡದಲ್ಲಿ ದಂಡನೆ ಎಂದರೆ ಅರ್ಥ ಇನ್ನೂ ಚೆನ್ನಾಗಿ ಹೊಂದುತ್ತದೆ. ದಂಡನೆಗೆ ಮೊದಲು ಅಪರಾಧ ನಡೆದಿರಬೇಕಷ್ಟೆ.

ಈ ದಂಡನೆಯಲ್ಲಿ ಒಂದು ಭಾಗ ಬರಿಯ ಕೂಡುಕಳೆಯುವ ಲೆಕ್ಕ. ತಡೆಯಲ್ಪಟ್ಟ ಪೆಟ್ಟಿನಿಂದ ಎದುರಾಳಿ ಸುಧಾರಿಸಿಕೊಳ್ಳಲು ತನಗಿಂತ ಎಂಟು ಫ್ರೇಮ್ ಹೆಚ್ಚು ಬೇಕು, ತನ್ನ ಒದೆತ ತಾಗಲು ಐದು ಸಾಕು ಎಂದಾದರೆ, ಎದುರಾಳಿಗೆ ಬಿಡುಗಡೆಯಿಲ್ಲ. ಒದೆತಕ್ಕೆ ಒಂಬತ್ತು ಬೇಕಾದರೆ ಸುಮ್ಮನಿರುವುದೇ ಲೇಸು. ಆತುರಪಟ್ಟರೆ ದಂಡಿಸಲು ಹೋದವನೇ ದಂಡ ತೆರುತ್ತಾನೆ. ಈ ಅಂಕಿಗಳೆಲ್ಲ ಬಾಯಿಪಾಠವಾಗಿರಬೇಕು. 'ಟೆಕ್ಕೆನ್' ಎಂಬ ಇನ್ನೊಂದು ಜಪಾನೀ ಆಟದಲ್ಲಿ ಅತ್ಯಂತ ವೇಗದ ಸಾಮಾನ್ಯ ಗುದ್ದಿಗೆ ಹತ್ತು ಫ್ರೇಮ್. ಆದುದರಿಂದ ತಡೆದಾಗ ಹತ್ತು ಫ್ರೇಮ್ ಹಿಂದೆ ಬೀಳುವ ಪೆಟ್ಟುಗಳೆಲ್ಲ ಅಪರಾಧದ ಪಟ್ಟಿಗೆ ಸೇರುತ್ತವೆ. ಅದರ ಏಳನೆಯ ಆವೃತ್ತಿಯಲ್ಲಿ ಪಾತ್ರಗಳು ಕೊನೆಗೆ ಐವತ್ತನ್ನು ದಾಟಿದುವು. ಒಂದೊಂದಕ್ಕೂ ಹತ್ತಾರು ಪಟ್ಟುಗಳು. ಹಿಂದಿನ ಕಾಲದ ವಿದ್ಯಾರ್ಥಿಗಳು ಅಮರಕೋಶವನ್ನು ಉರುಹೊಡೆದಂತೆ ಇಂದಿನ ಹುಡುಗರು ಇವನ್ನು ಉರುಹೊಡೆಯುತ್ತಾರೆ. ಪರೀಕ್ಷೆಯ ಪಾಠಕ್ಕೆ ಮಾತ್ರ ನೆನಪು ಸಾಲದೆಂದು ಹೇಳುವ ಹುಡುಗರೂ ಇವರಲ್ಲಿ ಇದ್ದಾರು.

ಈ ಟೆಕ್ಕೆನ್ ಆಟದಲ್ಲಿ 2019ರಲ್ಲಿ ಒಂದು ಸೋಜಿಗ ನಡೆಯಿತು. ಲಾಹೋರಿನ ಅರ್ಸಲಾನ್ ಸಿದ್ದಿಕ್ ಎಂಬ ಯುವಕರು ಜಪಾನಿನ ಫುಕುಓಕದಲ್ಲಿ ಫೆಬ್ರವರಿ ತಿಂಗಳಲ್ಲಿ ನಡೆದ ಇವೊ ಜಪಾನ್ ಪಂದ್ಯಾವಳಿಯನ್ನು ಗೆದ್ದರು. ಆಟದ ಲೋಕ ಆಗ ಕೊರಿಯ ಮತ್ತು ಜಪಾನಿನ ಕಡೆಗೆ ಮುಖ ಮಾಡಿ ಕುಳಿತಿತ್ತು. ಪಾಕಿಸ್ತಾನದಲ್ಲಿ ಇಂಥ ಆಟಗಾರರಿರಬಹುದೆಂದು ಎಣಿಸಿದವರು ವಿರಳ. ನಮ್ಮೂರಿನಲ್ಲಿ ಇನ್ನೂ ಗಟ್ಟಿಗರಿದ್ದಾರೆ ಎಂಬರ್ಥದ ಮಾತನ್ನು ಗೆದ್ದ ಮೇಲೆ ಅವರು ಆಡಿದಾಗ ಕೇಳಿದವರು ಬೆರಗಾದರು. ಅದೇ ಆಗಸ್ಟಿನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಇವೊ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ, ನೀ ಎಂಬ ಹೆಸರಿನಿಂದ ಆಡುವ ಕೊರಿಯದ ಮಹಾನ್ ಆಟಗಾರ ಬೇ ಜೇ-ಮಿನ್ ಅವರನ್ನೂ ಅರ್ಸಲಾನ್ ಸೋಲಿಸಿದರು. ಅವರ ಆಟದಲ್ಲಿ ಜನ ಮೆಚ್ಚಿದುದು ಆರ್ಭಟವನ್ನಲ್ಲ. ಎದುರಾಳಿಯ ಪೆಟ್ಟು ಕೂದಲೆಳೆಯಷ್ಟು ಅಂತರದಿಂದ ಗಾಳಿಗೆ ಬೀಳುವಂತೆ ಸರಿದು ನಿಲ್ಲುವುದು, ಒಡನೆಯೇ ಕೈಗೆ ಸಿಕ್ಕುವ ಅತ್ಯಂತ ಭಾರಿಯಾದ ದಂಡನೆಯನ್ನು ವಿಧಿಸುವುದು: ಈ ಶಾಂತವಾದ ನಿರ್ದಯತೆಯನ್ನು.

ಒಂದು ತಪ್ಪಿಗೆ ಒಂದೇ ಪೆಟ್ಟು ಎಂಬ ನ್ಯಾಯ ಈ ಆಟಗಳಲ್ಲಿ ಇಲ್ಲ. ಒಂದು ತಾಗಿದರೆ ಅದರ ಹಿಂದೆಯೇ ಎರಡನೆಯದು, ಮೂರನೆಯದು, ಬಿಡಿಸಿಕೊಳ್ಳಲಾಗದ ಸರಪಣಿಯಂತೆ ಬಂದು ಬೀಳುತ್ತವೆ. ಈ ಸರಪಣಿಗೆ ಕಾಂಬೊ ಎಂದು ಹೆಸರು. ಇದರ ಹುಟ್ಟು ವಿನೋದವಾಗಿದೆ. ಸ್ಟ್ರೀಟ್ ಫೈಟರ್ 2ರಲ್ಲಿ ನಡುನಡುವೆ ಮೋಟಾರು ಕಾರೊಂದನ್ನು ಒಡೆದು ಹಾಕುವ ಆಟವೊಂದಿತ್ತು. ಅದನ್ನು ಪರೀಕ್ಷಿಸುತ್ತಿದ್ದಾಗ, ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಹೊರಡುವುದನ್ನು ನಿರ್ಮಾಪಕರಲ್ಲಿ ಒಬ್ಬರಾದ ಫುನಾಮಿಜು ಗಮನಿಸಿದರು. ಯಾರೂ ಬೇಕೆಂದು ಮಾಡಿದ್ದಲ್ಲ ಅದು. ಲೆಕ್ಕದಲ್ಲಿ ನುಸುಳಿದ ದೋಷ. ಆ ಗಳಿಗೆಯನ್ನು ಹಿಡಿಯುವುದು ಬಹಳ ಕಷ್ಟ, ಯಾರಿಂದಲೂ ಆಗದು ಎಂದು ಅದನ್ನು ಹಾಗೆಯೇ ಬಿಟ್ಟರು. ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹುಡುಗರಿಗೆ ಅದು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಅವರು ಅದನ್ನು ಕರಗತ ಮಾಡಿಕೊಂಡರು. ಮುಂದೆ ಬಂದ ಕಾಳಗದ ಆಟಗಳೆಲ್ಲ ಆ ದೋಷವನ್ನೇ ಶಾಸ್ತ್ರವಾಗಿ ಸ್ವೀಕರಿಸಿದುವು.

ಇಷ್ಟಾದರೂ ಅಂಕಿ ತಿಳಿದವರೆಲ್ಲ ಗೆಲ್ಲುವುದಿಲ್ಲ. ಕಂಡುದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸೆಕೆಂಡಿನ ನಾಲ್ಕನೆಯ ಅಥವಾ ಐದನೆಯ ಒಂದು ಭಾಗವಾದರೂ ಬೇಕು. ಎಂದರೆ ಹನ್ನೆರಡರಿಂದ ಹದಿನೈದು ಫ್ರೇಮ್. ಚುರುಕಾದ ಗುದ್ದು ಹೊರಟು ತಾಗಲು ನಾಲ್ಕೈದೇ ಸಾಕು. ಕಂಡ ಮೇಲೆ ಕೈಯಾಡಿಸುವವನಿಗೆ ಆ ಗುದ್ದು ಯಾವಾಗಲೂ ಹಳೆಯ ಸುದ್ದಿ. ಹಾಗಾದರೆ ಉಪಾಯ? ಎದುರಾಳಿ ಮುಂದೆ ಏನು ಮಾಡುವನೆಂಬುದು ಅವನು ಮಾಡುವ ಮೊದಲೇ ತಿಳಿದಿರಬೇಕು. ಜ್ಯೋತಿಷ್ಯದಿಂದಲ್ಲ, ಅವನನ್ನು ಅಂಥ ಇಕ್ಕಟ್ಟಿಗೆ ತಳ್ಳುವುದರಿಂದ.

ರ್ಯೂ ಪಾತ್ರದ ಹಳೆಯ ತಂತ್ರವೊಂದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅವನು ದೂರ ನಿಂತು ಅಂಗೈಗಳಿಂದ ಬೆಂಕಿಯ ಉಂಡೆಯಂಥ ಶಕ್ತಿಯೊಂದನ್ನು ತೂರುತ್ತಾನೆ. ಎದುರಾಳಿ ತಡೆಯುತ್ತಾನೆ, ತಡೆದರೂ ಪ್ರಾಣಶಕ್ತಿ ಚೂರು ಸವೆಯುತ್ತದೆ. ಮತ್ತೊಂದು. ಮತ್ತೆ ತಡೆ, ಮತ್ತೆ ಸವೆತ. ಬಾಡಿಗೆಯ ಬಾಕಿ ಕೇಳಲು ದಿನವೂ ಬಂದು ಬಾಗಿಲು ತಟ್ಟುವ ಮನೆಯೊಡೆಯನಂತೆ ಉಂಡೆಗಳು ಬರುತ್ತಲೇ ಇರುತ್ತವೆ. ಕೊನೆಗೆ ತಾಳ್ಮೆಗೆಟ್ಟು ಎದುರಾಳಿ ಉಂಡೆಯ ಮೇಲಿಂದ ನೆಗೆಯುತ್ತಾನೆ. ನೆಗೆತ ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುವ ವ್ಯಾಪಾರ. ಗಾಳಿಯಲ್ಲಿ ಅವನು ದಾರಿ ತಿರುಗಿಸಲಾರ. ಕೆಳಗೆ ಶೋರ್ಯುಕೆನ್ ಕಾದಿದೆ. ನೋಡಿದವರು, ನೆಗೆದದ್ದೇ ತಪ್ಪು ಎಂದಾರು. ಆದರೆ ಆ ತಪ್ಪನ್ನು ಕಟ್ಟಿ ನಿಲ್ಲಿಸಿದವನು ರ್ಯೂ.

ಇಷ್ಟು ಪೀಠಿಕೆಯಾದ ಮೇಲೆ ಈ ಲೋಕದ ಅತ್ಯಂತ ಪ್ರಸಿದ್ಧವಾದ ಗಳಿಗೆಯ ಬಳಿಗೆ ಹೋಗಬಹುದು. 2004ರ ಆಗಸ್ಟ್ 1. ಅಮೆರಿಕದ ಕ್ಯಾಲಿಫೋರ್ನಿಯದ ಪೊಮೋನ ಎಂಬಲ್ಲಿರುವ ರಾಜ್ಯ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಆವರಣ. 1996ರಲ್ಲಿ ಅದೇ ರಾಜ್ಯದ ಸನಿವೇಲ್‌ನಲ್ಲಿ ಸಣ್ಣದಾಗಿ ಆರಂಭವಾದ ಕೂಟವೊಂದು ಅಷ್ಟು ಹೊತ್ತಿಗೆ ಇವೊ ಎಂಬ ಹೆಸರನ್ನು ತಾಳಿ ದೊಡ್ಡ ಪಂದ್ಯಾವಳಿಯಾಗಿತ್ತು. ಆಡುತ್ತಿದ್ದ ಆಟ, 1999ರಲ್ಲಿ ಬಂದ 'ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್'. ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶ ಕೊಡುವ ಸಾಲಿನ ಕಟ್ಟಕಡೆಯ ಪಂದ್ಯ. ಗೆದ್ದವರು ಅಂತಿಮ ಪಂದ್ಯಕ್ಕೆ, ಸೋತವರು ಮನೆಗೆ. ಒಂದು ಕಡೆ ಜಪಾನಿನ ಡೈಗೊ ಉಮೆಹರ, ವಯಸ್ಸು 23, ಕೆನ್ ಪಾತ್ರ ಅವರದು. ಇನ್ನೊಂದು ಕಡೆ ನ್ಯೂಯಾರ್ಕಿನ ಜಸ್ಟಿನ್ ವಾಂಗ್, ವಯಸ್ಸು 18. ಚುನ್-ಲಿ ಎಂಬ ಚೀನೀ ಯುವತಿಯ ಪಾತ್ರ ಅವರದು. ಉಮೆಹರರನ್ನು ಅಮೆರಿಕದ ಆಟಗಾರರು ಮೃಗ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ವಾಂಗ್ ಕಾದು ಕಾದು ಆಡುವವರು. ಎದುರಾಳಿಗೆ ಎಡೆಗೊಡದೆ ಅವನೇ ಮೈಮೇಲೆ ಬರುವಂತೆ ಮಾಡುವವರು.

ಈ ಆಟದಲ್ಲಿ ತಡೆಗೆ ಎರಡು ಬಗೆ. ಹಿಡಿಕೆಯನ್ನು ಹಿಂದಕ್ಕೆ ಎಳೆದು ಹಿಡಿದರೆ ಸಾಮಾನ್ಯವಾದ ತಡೆ. ವಿಶೇಷ ಪೆಟ್ಟುಗಳಾದರೆ ಅದರ ಮೂಲಕವೂ ಚೂರು ಹಾನಿ ನುಗ್ಗುತ್ತದೆ. ಎರಡನೆಯದು ಪ್ಯಾರಿ. ಪೆಟ್ಟು ತಾಗುವ ಗಳಿಗೆಗೆ ಸರಿಯಾಗಿ ಹಿಡಿಕೆಯನ್ನು ಮುಂದಕ್ಕೆ, ಪೆಟ್ಟಿನ ಕಡೆಗೇ, ತಟ್ಟಬೇಕು. ಆಗ ಹಾನಿ ಎಳ್ಳಷ್ಟೂ ಇಲ್ಲ. ಗಳಿಗೆಯ ಅವಕಾಶ ಸೆಕೆಂಡಿನ ಆರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ತಪ್ಪಿದರೆ ಪೆಟ್ಟು ಪೂರ್ತಿಯಾಗಿ ಮೈಮೇಲೆ. ಹಿಂದೆ ಸರಿಯುವವನಿಗೆ ಸವೆತ, ಮುಂದೆ ನುಗ್ಗುವವನಿಗೆ ಎಲ್ಲವೂ ಅಥವಾ ಏನೂ ಇಲ್ಲ.

ಆ ಸುತ್ತಿನಲ್ಲಿ ಉಮೆಹರರ ಪಟ್ಟಿ ಕಣ್ಣಿಗೆ ಕಾಣದಷ್ಟು ಸಣ್ಣಗೆರೆಯಾಗಿ ಉಳಿದಿತ್ತು. ಯಾವುದೇ ವಿಶೇಷ ಪೆಟ್ಟು ಬಂದರೂ, ಸರಿಯಾಗಿ ತಡೆದರೂ, ಆ ಸವೆತದಿಂದಲೇ ಅವರು ಸೋಲಬೇಕು. ವಾಂಗ್ ಅವರ ಬಳಿ ಚುನ್-ಲಿಯ ಹೋಯೊಕುಸೆನ್ ಎಂಬ ಮಹಾಪಟ್ಟು ಸಿದ್ಧವಾಗಿತ್ತು. ಮಿಂಚಿನಂತೆ ಒಂದರ ಹಿಂದೊಂದು ಹದಿನೈದು ಒದೆತಗಳು. ಇಬ್ಬರೂ ಕೆಲವು ಗಳಿಗೆ ದೂರ ನಿಂತು ಒಬ್ಬರನ್ನೊಬ್ಬರು ಅಳೆದರು. ಜಸ್ಟಿನ್ ಹೆಸರನ್ನು ಕೂಗಿ ಹುರಿದುಂಬಿಸುವ ಪ್ರೇಕ್ಷಕನೊಬ್ಬನ ದನಿ ಇಂದಿಗೂ ಆ ಚಿತ್ರದ ತುಣುಕಿನಲ್ಲಿ ಕೇಳಿಬರುತ್ತದೆ. ವಾಂಗ್ ಗುಂಡಿ ಒತ್ತಿದರು. ತೆರೆ ಒಂದು ಕ್ಷಣ ಮಿನುಗಿತು.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಆ ಮಿನುಗು ಮುಗಿದೊಡನೆಯೇ ಮೊದಲ ಒದೆತ ತಾಗುತ್ತದೆ. ಮಿನುಗನ್ನು ಕಂಡು ಕೈಯಾಡಿಸುವುದಕ್ಕೆ ಸಮಯವೇ ಇಲ್ಲ. ಮೊದಲ ಒದೆತವನ್ನು ಪ್ಯಾರಿ ಮಾಡಬೇಕಾದರೆ ಹಿಡಿಕೆ ಮುಂಚಿತವಾಗಿಯೇ ಮುಂದಕ್ಕೆ ಚಲಿಸಿರಬೇಕು. ಉಮೆಹರರ ಹಿಡಿಕೆ ಚಲಿಸಿತ್ತು. ಮೊದಲ ಒದೆತ ಹುಸಿಯಾಯಿತು. ಎರಡನೆಯದು, ಮೂರನೆಯದು, ಅವೆಲ್ಲ ಒಂದೇ ಲಯದಲ್ಲಿ ಬರುವುದಿಲ್ಲ, ನಡುವೆ ತುಸು ಬಿಡುವಿದೆ, ಆ ಬಿಡುವನ್ನೂ ತಾಳದಂತೆ ಎಣಿಸಿಕೊಂಡು ತಟ್ಟಬೇಕು. ಒಂದನ್ನು ತಪ್ಪಿದರೂ ಆಟ ಮುಗಿಯಿತು. ಏಳು, ಎಂಟು, ಒಂಬತ್ತು ಎನ್ನುವ ಹೊತ್ತಿಗೆ ಸಭಾಂಗಣದಲ್ಲಿ ಏನಾಗುತ್ತಿದೆ ಎಂಬುದು ಜನಕ್ಕೆ ಹೊಳೆಯಿತು. ಕೂಗು ಎದ್ದಿತು, ಜನ ಎದ್ದರು. ಕೊನೆಯ ಒದೆತಕ್ಕೆ ಉಮೆಹರ ಕೆನ್‌ನನ್ನು ಮೇಲಕ್ಕೆ ನೆಗೆಸಿ, ಗಾಳಿಯಲ್ಲಿಯೇ ಅದನ್ನು ಪ್ಯಾರಿ ಮಾಡಿದರು. ಏಕೆಂದರೆ ಬದುಕಿ ಉಳಿಯುವುದಷ್ಟೇ ಅವರ ಉದ್ದೇಶವಾಗಿರಲಿಲ್ಲ. ಮೇಲಿಂದ ಇಳಿಯುತ್ತ ಒದ್ದರೆ ಅದರ ಹಿಂದೆ ದೊಡ್ಡ ಸರಪಣಿಯನ್ನೇ ಜೋಡಿಸಬಹುದು. ಮಹಾಪಟ್ಟು ಮುಗಿದು ಚುನ್-ಲಿ ಆ ಮೂರನೆಯ ಅವಸ್ಥೆಯಲ್ಲಿ, ಆ ಅನಾಥ ಸ್ಥಿತಿಯಲ್ಲಿ, ನಿಂತಿದ್ದಳು. ಇಳಿಯುವ ಒದೆತ ತಾಗಿತು, ಅದರ ಬೆನ್ನಿಗೆ ಇನ್ನಷ್ಟು ಪೆಟ್ಟುಗಳು, ಕೊನೆಗೆ ಕೆನ್‌ನ ಮಹಾಪಟ್ಟು. ಚುನ್-ಲಿಯ ಪಟ್ಟಿ ಬರಿದಾಯಿತು.

ಈ ಗಳಿಗೆಯನ್ನು ಬಣ್ಣಿಸುವವರು ಉಮೆಹರರ ಬೆರಳುಗಳನ್ನು ಹೊಗಳುವುದು ವಾಡಿಕೆ. ಬೆರಳು ಸಾಮಾನ್ಯದ್ದಲ್ಲ, ಸರಿಯೆ. ಆದರೆ ಹದಿನೈದು ಒದೆತಗಳ ಲಯವನ್ನು ಅಭ್ಯಾಸದಿಂದ ಕಲಿಯಬಹುದು, ಕಲಿತವರೂ ಅನೇಕರು. ಕಲಿಯಲಾಗದುದು ಆ ಮೊದಲನೆಯ ತಟ್ಟು. ವಾಂಗ್ ಮೂರ್ಖರಾಗಿರಲಿಲ್ಲ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂಥ ಸ್ಥಿತಿಯಲ್ಲಿ ಆ ಪಟ್ಟನ್ನು ಬಿಟ್ಟರೆ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸೋಲುತ್ತಿದ್ದರು. ಲೆಕ್ಕ ಅಷ್ಟು ಸರಿಯಾಗಿದ್ದುದರಿಂದಲೇ ಎದುರಿಗೆ ನಿಂತವರೂ ಅದನ್ನು ಮಾಡಿ ಮುಗಿಸಿದ್ದರು. ಬೇಕೆಂದೇ ಆ ದೂರದಲ್ಲಿ ನಿಂತು ಉಮೆಹರ ಆ ಪಟ್ಟನ್ನು ಬರಮಾಡಿಕೊಂಡರು ಎನ್ನುವವರೂ ಉಂಟು. ಆ ದಿನದ ಚಿತ್ರದ ತುಣುಕು 'ಇವೊ ಮೊಮೆಂಟ್ 37' ಎಂಬ ಹೆಸರಿನಿಂದ ಲೋಕವನ್ನೆಲ್ಲ ಸುತ್ತಿತು. ಹಿಂದಿನ ಮೂವತ್ತಾರು ಯಾವುವೆಂದು ಹುಡುಕಬೇಕಾಗಿಲ್ಲ. ಆ ಅಂಕಿ ಮನಸ್ಸಿಗೆ ತೋಚಿದಂತೆ ಇಟ್ಟದ್ದು.

ಅಷ್ಟು ದೊಡ್ಡ ಗೆಲುವಿನ ಬಳಿಕ ಉಮೆಹರ ಪಂದ್ಯಾವಳಿಯನ್ನೂ ಗೆದ್ದಿರಬೇಕೆಂದು ಎಣಿಸುವುದು ಸಹಜ. ಹಾಗಾಗಲಿಲ್ಲ. ಅಂತಿಮ ಪಂದ್ಯದಲ್ಲಿ ತಮ್ಮ ನಾಡಿನವರೇ ಆದ ಕೆಂಜಿ ಒಬಾಟ ಅವರಿಗೆ ಸೋತರು. ಆ ಪಂದ್ಯವನ್ನು ನೆನಪಿಟ್ಟುಕೊಂಡವರು ಕಡಮೆ.

ಮುಂದೆ ಅವರು ಆಟವನ್ನೇ ಬಿಟ್ಟುಬಿಟ್ಟರು. ಬಾಲ್ಯದಿಂದ ಆಟದ ಅಂಗಡಿಗಳಲ್ಲಿ ಬೆಳೆದ ಯುವಕ, ಇದರಿಂದ ಬದುಕು ಸಾಗೀತೆ ಎಂಬ ಪ್ರಶ್ನೆ ಎದುರಾದಾಗ ಉತ್ತರ ಕಾಣದಾದರು. ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಗುರುತಿಸಬಲ್ಲ ವಿದ್ಯೆಗೆ ಆ ದಿನಗಳಲ್ಲಿ ಸಂಬಳ ಕೊಡುವವರು ಎಲ್ಲಿದ್ದರು? ಮಹ್‌ಜಾಂಗ್ ಎಂಬ ಬಿಲ್ಲೆಗಳ ಆಟದಲ್ಲಿ ಕೆಲವು ಕಾಲ ಕೈ ನೋಡಿದರು. ಅಲ್ಲಿಯೂ ಬಹಳ ಪಳಗಿದರು, ಅದನ್ನೂ ಬಿಟ್ಟರು. ಕೊನೆಗೆ ವೃದ್ಧರ ಶುಶ್ರೂಷೆಯ ಕೆಲಸಕ್ಕೆ ಸೇರಿದರು. ಗೆಲ್ಲಬೇಕಾದವರು ಯಾರೂ ಇಲ್ಲದ, ಯಾರ ತಪ್ಪನ್ನೂ ಕಾಯಬೇಕಾಗಿಲ್ಲದ ಕೆಲಸ ಅದು. ಮೃಗವೆಂದು ಹೆಸರು ಪಡೆದವರು ಮುದುಕರನ್ನು ಕೈಹಿಡಿದು ನಡೆಸುತ್ತಿದ್ದ ಆ ದಿನಗಳ ಚಿತ್ರವನ್ನು ಯಾರೂ ತೆಗೆದಿಟ್ಟಿಲ್ಲ. ಆದರೆ ಪೊಮೋನದ ಚಿತ್ರದಷ್ಟೇ ಅದೂ ನೋಡತಕ್ಕದ್ದಾಗಿರುತ್ತಿತ್ತು.

2008ರಲ್ಲಿ 'ಸ್ಟ್ರೀಟ್ ಫೈಟರ್ 4' ಜಪಾನಿನ ಆಟದ ಅಂಗಡಿಗಳಿಗೆ ಬಂದಿತು. ಉಮೆಹರ ಮತ್ತೆ ಹಿಡಿಕೆಯನ್ನು ಹಿಡಿದರು. 2009ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಇವೊ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಏರಿದಾಗ ಎದುರಿಗೆ ಬಂದು ಕುಳಿತವರು ಜಸ್ಟಿನ್ ವಾಂಗ್. ಐದು ವರ್ಷಗಳಲ್ಲಿ ಅವರೂ ಬಲಿತಿದ್ದರು. ಒಂದು ಪಾತ್ರದಿಂದ ಸಾಗದಾದಾಗ ಇನ್ನೊಂದನ್ನು ಆರಿಸಿ ಪಂದ್ಯವನ್ನು ಎಳೆದಾಡಿದರು. ಉಮೆಹರ ಕೊನೆಯವರೆಗೂ ರ್ಯೂ ಒಬ್ಬನನ್ನೇ ನೆಚ್ಚಿದರು. ಅದೇ ದೂರ ನಿಲ್ಲುವುದು, ಅದೇ ಬೆಂಕಿಯ ಉಂಡೆ, ಎದುರಾಳಿ ನೆಗೆಯುವವರೆಗೆ ಅದೇ ಕಾಯುವಿಕೆ. ಆ ದಿನ ಪ್ರಶಸ್ತಿ ಅವರದಾಯಿತು, ಮರುವರ್ಷವೂ ಅವರದೇ.